ಸೆಮಿನೋಲ್ ಜಾಕೆಟ್ಟಿಗೆ ಸಿದ್ದಿ ಹೂವು

ಐರ್ಲೆಂಡಿನ ಡನ್ ಲಿಯರಿ ಊರಿನಲ್ಲಿ ಇನ್ನೂ ಬೆಳಕು ಹರಿದಿಲ್ಲ. ಲಾಕ್‌ಡೌನ್ ಆಗಿ ಬಾಗಿಲು ಹಾಕಿರುವ ಪುಟ್ಟ ಖಾಸಗಿ ಮ್ಯೂಸಿಯಮ್ಮಿಗೆ ಆಗ್ನೆಸ್ ಸಿದ್ದಿ ಹಿಂಬಾಗಿಲಿನಿಂದ ಹೋಗುತ್ತಾರೆ. ಜನರೇ ಬರದ ಕಡೆ ಎಂಥ ಗುಡಿಸುವುದು ಎಂದು ಕೇಳಿದೆ. "ಮನುಷ್ಯರು ಮನೇಲಿ ಕೂತ್ರೆ ಇಲಿಗಳಿಗೆ ಜಾತ್ರೆ ಅಲ್ವಾ ಸಾರ್!" ಎಂದು ಮಾಸ್ಕಿನೊಳಗೇ ನಗುತ್ತಾರೆ.

ಹಳಿಯಾಳದ ಕಾಡಂಚಿನ ಈ ಹೆಂಗಸು ಮಂಗಳೂರಿನ ಕುಟುಂಬವೊಂದರ ಮಗು ನೋಡಿಕೊಳ್ಳಲು ಐರ್ಲೆಂಡಿಗೆ ಬಂದವರು. ಮಗು ದೊಡ್ಡದಾಯಿತು, ಇವರು ಪೊರಕೆ ಹಿಡಿದರು. ರಾತ್ರಿ ಕೌದಿ ಹೊಲಿಯುವುದು ಮಾತ್ರ ಬಿಡಲಿಲ್ಲ.

ಇಲಿಯೇ ಅವರ ಕೆಲಸಕ್ಕೆ ಕುತ್ತು ತಂದದ್ದು. ಅಮೆರಿಕದ ಫ್ಲೋರಿಡಾದಲ್ಲಿರುವ ಸೆಮಿನೋಲ್ ಎಂಬ ಮೂಲನಿವಾಸಿ ಕುಲದ ಕುಟುಂಬವೊಂದಕ್ಕೆ ಮರಳಿಸಬೇಕಿದ್ದ ಹಳೆಯ ಜಾಕೆಟ್ಟಿನ ಮೂಲೆಯನ್ನು ಅದು ಕಡಿದುಹಾಕಿತ್ತು. ಬಣ್ಣಬಣ್ಣದ ತುಂಡು ಬಟ್ಟೆ ಜೋಡಿಸಿ ಹೊಲಿದ ಜಾಕೆಟ್ಟು. ಮೇಲ್ವಿಚಾರಕಿ ನೋರಾ ಕೋವಿಡ್ ಆಗಿ ಮನೆಯಲ್ಲಿದ್ದರು. ದಾರ ಬಿಚ್ಚದಂತೆ ಎರಡು ಹೊಲಿಗೆ ಹಾಕಿ, ಸಾಕು ಎಂದು ಫೋನಿನಲ್ಲಿ ಹೇಳಿದರು.

ಆಗ್ನೆಸ್ ಎರಡು ಹೊಲಿಗೆ ಹಾಕಿದರು. ಆಮೇಲೆ ಕೈ ತನ್ನ ಪಾಡಿಗೆ ತಾನು ಮುಂದುವರಿಯಿತು. ಸಿದ್ದಿಯರ ಕೌದಿಯ ಮೂಲೆಗೆ ಕೊನೆಯಲ್ಲಿ ಬಟ್ಟೆ ಮಡಚಿ ಹೂವು ಹೊಲಿಯುತ್ತಾರೆ. ಅದನ್ನೇ ಇಲ್ಲೂ ಹೊಲಿದುಬಿಟ್ಟರು! ಕೇಳಿ ನಾನೇ ಹೌಹಾರಿದೆ. ಪರರ ಪೂರ್ವಿಕರ ಬಟ್ಟೆ, ಅದಕ್ಕೆ ನಮ್ಮ ಹೂವೇ?

ಜಾಕೆಟ್ಟನ್ನು ಆ ಕುಟುಂಬಕ್ಕೆ ತೋರಿಸುವ ವಿಡಿಯೋ ಕರೆಯಲ್ಲಿ ನೋರಾ ಅದನ್ನು ಕಂಡು ಬಿಳಿಚಿಕೊಂಡರು. "ಏನಾದ್ರೂ ಇಟ್ಸ್ ಗ್ರ್ಯಾಂಡ್, ಪರವಾಗಿಲ್ಲ ಅಂತಾನೇ ಇರೋ ಹೆಂಗಸು, ಅವತ್ತು ತಲೆ ಮೇಲೆ ಕೈ ಇಟ್ಕೊಂಡ್ರು. ಕೆಲಸ ಹೋಯ್ತು ಅಂದ್ಕೊಂಡೆ" ಎನ್ನುತ್ತಾರೆ ಆಗ್ನೆಸ್. ಫ್ಲೋರಿಡಾದ ಕಡೆಯಿಂದ ಆ ಕುಟುಂಬದ ಅಜ್ಜಿ ಕೇಳಿದರು: ಅದೇನದು?

"ಇದಿಲ್ದಿದ್ರೆ ಕೌದಿ ಬೆತ್ತಲೆ ಅಂತಾರಮ್ಮಾ ನಮ್ಮಲ್ಲಿ" ಎಂದರು ಆಗ್ನೆಸ್, ತಮ್ಮ ಇಂಗ್ಲಿಷಿನಲ್ಲಿ. ನೀವು ಯಾರು ಎಂದು ಅಜ್ಜಿ ಕೇಳಿದಾಗ, ಪೋರ್ಚುಗೀಸರ ಗುಲಾಮಗಿರಿಯಿಂದ ಓಡಿ ಕಾಡು ಸೇರಿದ ಆಫ್ರಿಕನ್ನರ ಕುಲ ಎಂದರು.

ಆಗ ಅಜ್ಜಿ ತಮ್ಮ ಕಥೆ ಹೇಳಿದರು. ಕ್ರೀಕ್ ಎಂಬ ಮೂಲನಿವಾಸಿ ಜನರಿಂದ ಬೇರೆಯಾಗಿ ದಕ್ಷಿಣಕ್ಕೆ ಬಂದವರು ಅವರ ಹಿರಿಯರು. ಗುಲಾಮಗಿರಿಯಿಂದ ಓಡಿಬಂದ ಆಫ್ರಿಕನ್ನರು ಅವರ ನಡುವೆ ನೆಲೆಸಿದ್ದರು. ಅಮೆರಿಕದ ಸೈನ್ಯ ಬಹುಪಾಲು ಜನರನ್ನು ಪಶ್ಚಿಮಕ್ಕೆ ಅಟ್ಟಿತು. ಉಳಿದವರು ಜೌಗು ನೆಲದಲ್ಲಿ ಅಡಗಿ ಬದುಕಿದರು.

"ದೇವ್ರೇ, ಅಲ್ಲೂ ನಮ್ಮಂಥೋರಾ? ನಂಗ್ಯಾರೂ ಹೇಳೇ ಇಲ್ವಲ್ಲ!" ಎನ್ನುವಾಗ ಆಗ್ನೆಸ್ ಕಣ್ಣಲ್ಲಿ ಇನ್ನೂ ಆ ಬೆರಗಿದೆ.

ಅಜ್ಜಿ ಮಾತ್ರ ಕರಗಲಿಲ್ಲ. ಇದು ನನ್ನಮ್ಮನ ಹೊಲಿಗೆ, ನಿಮ್ಮ ಹೂವು ಬಿಚ್ಚಿ ಎಂದರು. ಆದ್ರೆ ಎಸೀಬೇಡಿ, ಜೇಬಲ್ಲಿಟ್ಟು ಕಳಿಸಿ ಎಂದರು. ನೋರಾ ಆಮೇಲೆ ಗದರಿದರು, ಆದರೂ ಕೆಲಸ ಉಳಿಯಿತು.

ಬೇಜಾರಾಯಿತೇ ಎಂದು ಕೇಳಿದೆ. ಆಗ್ನೆಸ್ ಪೊರಕೆ ಗೋಡೆಗೆ ಒರಗಿಸುತ್ತಾರೆ.

"ಯಾಕೆ ಬೇಜಾರು? ಅವರಮ್ಮಂದು ಅವರಿಗೆ ಹೋಯ್ತು. ಜೇಬಲ್ಲಾದ್ರೂ ಹೂವಿತ್ತಲ್ಲ. ನನ್ನ ಕೈಯಿಂದ ಬೆತ್ತಲೆ ಹೋಗ್ಲಿಲ್ಲ."