ಹೊಳಿ ನೀರಿನ ಬುದ್ಧ

ಊರೂರಿಗೆ ಪ್ರೊಜೆಕ್ಟರ್ ಒಯ್ದು ಸಿನಿಮಾ ತೋರಿಸುವುದು ನನ್ನ ಕೆಲಸ. ಬುದ್ಧ ಪೂರ್ಣಿಮೆಗೆ ಕುಲಗೋಡದವರು ಕರೆದಿದ್ದರು. ಸಮುದಾಯ ಭವನದ ಕಿಟಕಿಗಳಿಗೆ ಚಾದರ ಕಟ್ಟಿ ಮಧ್ಯಾಹ್ನವೇ ಬುದ್ಧನ ಸಿನಿಮಾ ಶುರು ಮಾಡಿದೆ.

ರಾಜಕುಮಾರ ರಥ ಹತ್ತಿ ಹೊರಟ. ಮುದುಕನನ್ನು ಕಂಡ, ರೋಗಿಯನ್ನು ಕಂಡ, ಹೆಣ ಕಂಡ. ಅಷ್ಟರಲ್ಲಿ ಮುಂದಿನ ಸಾಲಿನಲ್ಲಿದ್ದ ನಿವೃತ್ತ ಶಿಕ್ಷಕಿಯೊಬ್ಬರು ಎದ್ದು ನಿಂತರು. ಅವರ ನೆರಳು ಹೆಣದ ಮೇಲೆ ಬಿತ್ತು.

“ಸ್ವಲ್ಪ ನಿಂದರಸ್ರಿ. ಲಗ್ನ ಆಗಿ ಮಗ ಹುಟ್ಟಿದ್ರೂ ಒಬ್ಬ ಮುದುಕನ್ನ ನೋಡಿರಲಿಲ್ಲೇನ್ರಿ? ಮನ್ಯಾಗ ಅವರಪ್ಪನೇ ಮುದುಕ ಇದ್ದ.”

ನಿಲ್ಲಿಸಿದೆ. “ಸಿನಿಮಾದಾಗ ಹಂಗ ಐತ್ರಿ ಅಕ್ಕೋರ,” ಎಂದೆ.

“ನಮ್ಮ ಬೌದ್ಧರ ಮನ್ಯಾಗ ಹೇಳೂದು ಬ್ಯಾರೆ. ಹೊಳಿ ನೀರಿಗೆ ಆಚಿ ದಂಡಿ, ಈಚಿ ದಂಡಿಯವರಿಗೆ ಜಗಳ ಬಿತ್ತು. ತನ್ನವರು ಯುದ್ಧಕ್ಕ ನಿಂತ್ರು, ಸಿದ್ಧಾರ್ಥ ಬ್ಯಾಡಂದ. ಅದಕ್ಕ ಮನಿ ಬಿಡಬೇಕಾತು.”

ಹಿಂದೆ ಗೋಡೆಗೊರಗಿ ತೂಕಡಿಸುತ್ತಿದ್ದ ಕಬ್ಬಿನ ರೈತರು ನೆಟ್ಟಗೆ ಕೂತರು. ಕಾಲುವೆ ನೀರಿನ ಪಾಳಿಗಾಗಿ ಪಕ್ಕದ ಊರಿನವರೊಡನೆ ಆ ವಾರವಷ್ಟೇ ಅವರ ಮಾತು ಮುರಿದಿತ್ತಂತೆ. ಅವರಲ್ಲಿ ಹಿರಿಯರೊಬ್ಬರು ರುಮಾಲು ಸರಿಮಾಡಿಕೊಂಡು ಕೇಳಿದರು:

“ಅಕ್ಕೋರ, ಅಂವ ಮನಿ ಬಿಟ್ಟ ಮ್ಯಾಲ ನೀರು ಯಾವ ದಂಡಿಯವರಿಗೆ ಬಂತ್ರಿ?”

ಅಕ್ಕೋರು ನನ್ನ ಕಡೆ ನೋಡಿದರು. ನಾನು ಸಿನಿಮಾ ಮತ್ತೆ ಹಚ್ಚಿದೆ. ಆ ಹಿರಿಯರು ಆಮೇಲೆ ತೂಕಡಿಸಲಿಲ್ಲ. ಬುದ್ಧನಿಗೆ ಜ್ಞಾನೋದಯವಾಯಿತು, ಪರಿನಿರ್ವಾಣವೂ ಆಯಿತು. ವೈರ್ ಸುತ್ತುತ್ತಿದ್ದ ನನ್ನ ಬಳಿ ಬಂದು ಆ ಹಿರಿಯರು ಸಮಾಧಾನದಿಂದಲೇ ಹೇಳಿದರು:

“ಎಲ್ಲಾ ಬೇಷಿತ್ರಿ. ನೀರಿನ ಮಾತಷ್ಟ ಹಂಗ ಉಳೀತು ನೋಡ್ರಿ.”