ಹೂವಿನ ಲೆಕ್ಕದಲ್ಲಿ ತಪ್ಪಿದ ಹಡಗು

ಹಡಗಿನವರು ನಮಗೆ ಮೋಸ ಮಾಡಲಿಲ್ಲ. ಹೂವು ಮಾರುವ ಲೆಕ್ಕದಲ್ಲಿ ನಾನು ಹಡಗಿನ ಟಿಕೆಟ್ಟಿಗೆ ಕಾದೆ, ಟಿಕೆಟ್ಟು ಕೈತಪ್ಪಿತು. ನಡೆದದ್ದು ಇಷ್ಟೇ. ನೆಂಟರು ಒಬ್ಬೊಬ್ಬರು ಒಂದೊಂದು ಥರ ಹೇಳಿಕೊಂಡು ತಿರುಗುತ್ತಿದ್ದಾರೆ, ಅದಕ್ಕೆ ಬರೆಯುತ್ತಿದ್ದೇನೆ.

ಹೋದ ವರ್ಷ ಯುಗಾದಿ ಕಳೆದ ಮೇಲೆ ನನ್ನ ಮಗಳು ಲತಾ ಈ ಮಾತು ತೆಗೆದಳು. ಅವಳು ಟೀಚರ್. ನನ್ನ ಜೊತೆ ತುಮಕೂರಿನಲ್ಲೇ ಇದ್ದು, ದಿನಾ ಗುಬ್ಬಿಗೆ ಹೋಗಿ ಪಾಠ ಮಾಡಿ ಬರುತ್ತಾಳೆ. ದಸರಾ ರಜೆಯಲ್ಲಿ ಮುಂಬೈಯಿಂದ ಒಂದು ಹಡಗು ಹೊರಡುತ್ತದಂತೆ, ಮೂರು ದಿನ ಸಮುದ್ರದ ಮೇಲೆ ಸುತ್ತಿಸಿ, ಊಟ ತಿಂಡಿ ಕೊಟ್ಟು ವಾಪಸ್ ಬಿಡುತ್ತಾರಂತೆ. ಅವಳು, ನಾನು, ಹುಲಿಯೂರುದುರ್ಗದಲ್ಲಿರುವ ನನ್ನ ಅಕ್ಕ ಪುಟ್ಟಮ್ಮ, ಮೂವರೂ ಹೋಗೋಣ ಎಂದಳು. ಪುಟ್ಟಮ್ಮ ಜೀವಮಾನದಲ್ಲಿ ನೋಡಿರುವ ದೊಡ್ಡ ನೀರು ಎಂದರೆ ಮಾರ್ಕೋನಹಳ್ಳಿ ಡ್ಯಾಮು. ಸಮುದ್ರ ನೋಡಬೇಕು ಎಂದು ಮದುವೆಯಾದಾಗಿನಿಂದ ಹೇಳುತ್ತಲೇ ಇದ್ದಳು. ಭಾವನ ಕಿವಿಗೆ ಅದು ಬೀಳಲೇ ಇಲ್ಲ, ಅವರು ಹೋಗಿಬಿಟ್ಟರು. ಈಗ ಅವಳ ಮಂಡಿಯೂ ಸವೆದಿದೆ.

ಈಗಲೇ ಬುಕ್ ಮಾಡಿದರೆ ರೇಟು ಕಮ್ಮಿ, ಮೂವರು ಮಲಗುವ ಕಿಟಕಿ ಇರುವ ರೂಮು ಸಿಗುತ್ತದೆ ಎಂದು ಲತಾ ಹೇಳಿದಳು. ನಾನು ಬೇಡ ಎಂದೆ. ಮಾರ್ಕೆಟ್ಟಿನಲ್ಲಿ ಹೂವು ಮಾರಿಕೊಂಡೇ ತಲೆ ಬೆಳ್ಳಗಾದವಳು ನಾನು. ಬೆಳಿಗ್ಗೆ ಗತ್ತಿನಲ್ಲಿ ಮಾರಿದ ಸೇವಂತಿಗೆಯನ್ನು ಕತ್ತಲಾಗುವ ಹೊತ್ತಿಗೆ ಕೇಳಿದಷ್ಟಕ್ಕೆ ಕೊಡುತ್ತೇವೆ. ನಾಳೆ ಅದು ಕಸ.

“ಹಡಗು ಹೊರಟ ಮೇಲೆ ಖಾಲಿ ರೂಮು ಇಟ್ಕೊಂಡು ಅವ್ರೇನು ಮಾಡ್ತಾರೆ? ಸಂಜೆ ಉಳಿದ ಹೂವು ಕಣೇ ಅದು. ತಡಿ, ಅವ್ರೇ ಕರೆದು ಕೊಡ್ತಾರೆ,” ಎಂದೆ.

ಲತಾಗೂ ಸರಿ ಅನ್ನಿಸಿತು. ಕಾದೆವು. ಶ್ರಾವಣದಲ್ಲಿ ಅವಳು ಮೊಬೈಲಿನಲ್ಲಿ ನೋಡಿದರೆ ರೇಟು ಏರಿತ್ತು. ಇರಲಿ ಬಿಡು, ಇದು ಬೆಳಗಿನ ಗತ್ತು, ಇಳಿಯುತ್ತದೆ ಎಂದೆ. ಗೌರಿ ಹಬ್ಬ ಕಳೆಯಿತು, ಇನ್ನೂ ಏರಿತು. ಅತ್ತ ಪುಟ್ಟಮ್ಮ ಬೀದಿಗೆಲ್ಲ ಹೇಳಿಕೊಂಡು, ಹೊಸ ರವಿಕೆ ಹೊಲಿಸಿ, ಚಕ್ಕುಲಿ ಕರಿಯುವುದೋ ಬೇಡವೋ ಎಂದು ಫೋನು ಮಾಡುತ್ತಿದ್ದಳು. ದಸರಾ ಹತ್ತಿರ ಬಂದಾಗ ಮೂವರ ರೂಮುಗಳೇ ಮುಗಿದಿದ್ದವು. ಉಳಿದದ್ದೆಲ್ಲ ಇಬ್ಬರ ರೂಮು. ಮೂವರಿಗೆ ಎರಡು ರೂಮು ಹಿಡಿಯಬೇಕು, ಅದೂ ಏರಿದ ರೇಟಿಗೆ. ನಮ್ಮ ಕೈಲಾಗುವ ಮಾತಲ್ಲ.

ಲತಾ ನನ್ನ ಜೊತೆ ಮಾತು ಬಿಟ್ಟಳು. ನನಗೆ ಬೇಜಾರಿಗಿಂತ ಹೆಚ್ಚಾಗಿ ತಲೆಯೊಳಗೆ ಹುಳ ಬಿಟ್ಟ ಹಾಗಾಗಿತ್ತು. ರೂಮು ಖಾಲಿ ಉಳಿದರೆ ಅವರಿಗೇ ನಷ್ಟ ತಾನೆ, ಮತ್ತೆ ಯಾಕೆ ಏರಿಸಿದರು? ಒಂದು ಮಧ್ಯಾಹ್ನ ವ್ಯಾಪಾರವನ್ನು ಪಕ್ಕದವಳಿಗೆ ಒಪ್ಪಿಸಿ, ಬಸ್ ಸ್ಟ್ಯಾಂಡ್ ಹತ್ತಿರದ ಟ್ರಾವೆಲ್ಸ್ ಅಂಗಡಿಗೆ ನಾನೇ ಹೋದೆ. ಟಿಕೆಟ್ ಕೊಳ್ಳಲು ಬಂದವಳಲ್ಲ, ವಿಷಯ ಕೇಳಲು ಬಂದವಳು ಎಂದರೂ ಅಲ್ಲಿದ್ದ ಹುಡುಗಿ ಕುರ್ಚಿ ಕೊಟ್ಟಳು. ಕಂಪ್ಯೂಟರ್ ನನ್ನ ಕಡೆ ತಿರುಗಿಸಿದಳು. ಅದೇ ಹಡಗು, ಅದೇ ದಾರಿ. ರಜೆಯ ವಾರ ಒಂದು ರೇಟು, ರಜೆ ಮುಗಿದ ವಾರ ಅದಕ್ಕಿಂತ ಎಷ್ಟೋ ಕಮ್ಮಿ.

“ರಜಾದಲ್ಲಿ ಹೆಂಗೂ ತುಂಬುತ್ತೆ ಅಜ್ಜಿ, ಯಾಕೆ ಇಳಿಸ್ತಾರೆ? ತುಂಬ್ದೇ ಇದ್ರೆ ಮಾತ್ರ ಕೊನೇಲಿ ಇಳಿಸೋದು,” ಎಂದಳು.

ನನಗೆ ನಗು ಬಂತು. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ಸಂಜೆ ನಾನು ಇಳಿಸುತ್ತೇನೆಯೇ? ಬಾಯಿಗೆ ಬಂದ ರೇಟು ಹೇಳುತ್ತೇನೆ, ಜನ ಬೈದುಕೊಂಡೇ ಕೊಳ್ಳುತ್ತಾರೆ. ದಿನನಿತ್ಯದ ಸಂಜೆ ನೆನಪಿತ್ತು, ಹಬ್ಬದ ಸಂಜೆ ಮರೆತಿದ್ದೆ.

ಬಂದದ್ದು ಬಂದೆ ಎಂದು ಇನ್ನೂ ಕೇಳಿದೆ. ಕೊನೆಯಲ್ಲಿ ಇಳಿದರೂ ಉಳಿದ ರೂಮೇ ಗತಿ, ಕಿಟಕಿ ಬೇಕು, ಮೂವರಿಗೂ ಒಟ್ಟಿಗೆ ಬೇಕು ಎಂದು ಆರಿಸುವ ಹಾಗಿಲ್ಲವಂತೆ. ಮುಂಚೆ ದುಡ್ಡು ಕಟ್ಟಿದರೆ ಆರಿಸಬಹುದು, ಆದರೆ ಆಮೇಲೆ ಬೇಡ ಎಂದರೆ ಕಟ್ಟಿದ್ದರಲ್ಲಿ ಒಂದಷ್ಟು ಮುರಿದುಕೊಳ್ಳುತ್ತಾರಂತೆ. ರಜೆ ಮುಗಿದ ವಾರಕ್ಕೆ ಇಬ್ಬರ ರೂಮು ಒಂದಿದೆ, ಕಿಟಕಿ ಇಲ್ಲ, ಅಗ್ಗ ಎಂದಳು.

ಮನೆಗೆ ಬಂದರೆ ಪುಟ್ಟಮ್ಮ ಬ್ಯಾಗು ಸಮೇತ ಬಂದು ಕೂತಿದ್ದಳು. ಹಡಗು ತಪ್ಪಿತು ಎಂದು ಫೋನಿನಲ್ಲಿ ಹೇಳಿದ್ದನ್ನು ಅವಳು ನಂಬಿರಲಿಲ್ಲ. ಅಗ್ಗದ ರೂಮಿನ ವಿಷಯ ಹೇಳಿದೆ.

“ಕಿಟಕಿ ಇಲ್ದಿದ್ರೆ ಹೋಗ್ಲಿ ಬುಡು, ಹೊರಗೆ ನಿಂತ್ಕೊಂಡು ನೋಡ್ತೀನಿ. ನಿದ್ದೆ ಮಾಡೋಕೆ ಹಡಗು ಹತ್ತಬೇಕೇನೇ?” ಎಂದಳು.

ಲತಾಗೆ ಆ ವಾರ ಸ್ಕೂಲು. ನಾವಿಬ್ಬರೇ ಹೋಗುವುದೆಂದು ಹೆಚ್ಚುಕಮ್ಮಿ ತೀರ್ಮಾನವಾಯಿತು. ಲತಾ ತಟ್ಟೆ ತೊಳೆಯುತ್ತಿದ್ದವಳು ನಮ್ಮ ಕಡೆ ತಿರುಗಲಿಲ್ಲ.

“ಹೋಗ್ಬನ್ನಿ. ವರ್ಷಾ ವರ್ಷಾ ಮಕ್ಕಳಿಗೆ ಸಮುದ್ರದ ಪಾಠ ಮಾಡ್ತೀನಿ. ನಾನೂ ನೋಡಿಲ್ಲ ಅಮ್ಮ,” ಎಂದಳು.

ನನಗೆ ಗೊತ್ತೇ ಇರಲಿಲ್ಲ. ಟೀಚರ್ ಅಂದ ಮೇಲೆ ಮಕ್ಕಳ ಜೊತೆ ಟ್ರಿಪ್ಪಿಗೆ ಹೋಗಿ ಎಲ್ಲೋ ನೋಡಿರುತ್ತಾಳೆ ಅಂದುಕೊಂಡಿದ್ದೆ. ಒಂದು ಸಲವೂ ಕೇಳಿರಲಿಲ್ಲ. ಪುಟ್ಟಮ್ಮ ನನ್ನ ಮುಖ ನೋಡಿದಳು, ನಾನು ಅವಳ ಮಂಡಿ ನೋಡಿದೆ. ದೀಪ ಆರಿಸಿ ಮಲಗಿದೆವು.

ಮಾರನೆಯ ಬೆಳಿಗ್ಗೆ ಅಕ್ಕನನ್ನು ಕರೆದುಕೊಂಡು ಅದೇ ಅಂಗಡಿಗೆ ಹೋದೆ. ಬೇಸಿಗೆ ರಜೆಗೆ ಮೂವರ ರೂಮು ಕೊಡು, ಕಿಟಕಿ ಇರಲಿ ಎಂದೆ. ಇನ್ನೂ ಅರ್ಧ ವರ್ಷ ಇದೆಯಲ್ಲ ಅಜ್ಜಿ ಎಂದು ಹುಡುಗಿ ಆಶ್ಚರ್ಯಪಟ್ಟಳು. ಇರಲಿ ಎಂದು ಅಡ್ವಾನ್ಸ್ ಕಟ್ಟಿದೆ. ಹೊರಗೆ ಬಂದ ಮೇಲೆ ಪುಟ್ಟಮ್ಮ ಮಂಡಿ ತಿಕ್ಕಿಕೊಳ್ಳುತ್ತಾ, ಅಲ್ಲೀವರೆಗೂ ನಾನು ಇರ್ತೀನೇನೇ ಎಂದು ಕೇಳಿದಳು.

“ಇರ್ಬೇಕು. ದುಡ್ಡು ಕಟ್ಟಾಯ್ತು,” ಎಂದು ಹೇಳಿ, ಅವಳನ್ನು ಹುಲಿಯೂರುದುರ್ಗದ ಬಸ್ಸು ಹತ್ತಿಸಿ, ನಾನು ಮಾರ್ಕೆಟ್ಟಿಗೆ ಹೋದೆ.