ಮುಚ್ಚದ ಕಣ್ಣಿಗೆ ಒದ್ದೆ ಬಟ್ಟೆ

ಜ್ವರ ಬಿಟ್ಟು ಹತ್ತು ದಿನವಾಗಿತ್ತು. ಗರುಡಾಚಾರ್‌ಪಾಳ್ಯದ ನಮ್ಮ ಬಾಡಿಗೆ ಕೋಣೆಯಲ್ಲಿ ಬೆಳಿಗ್ಗೆ ಎದ್ದು ನಿಂತರೆ ಪಾದ ನೆಲಕ್ಕೆ ತಾಗಿದ್ದೇ ತಿಳಿಯಲಿಲ್ಲ. ಜೋಮು ಹಿಡಿದಿರಬೇಕೆಂದು ಉಜ್ಜಿಕೊಂಡು ಗಾರ್ಮೆಂಟ್ಸ್‌ಗೆ ಹೋದೆ. ಮಧ್ಯಾಹ್ನದ ಹೊತ್ತಿಗೆ ಹೊಲಿಗೆ ಯಂತ್ರದ ಪೆಡಲ್ ಒತ್ತಲಾಗಲಿಲ್ಲ. ಮರುದಿನ ಸೊಂಟ ಸೋತಿತು, ಅದರ ಮರುದಿನ ಕೈಗಳು. ಯಾದಗಿರಿ ಕಡೆಯಿಂದ ಬಂದು ಆರು ವರ್ಷ ದುಡಿದ ಕೈಗಳು ಹೊದಿಕೆಯ ಮೇಲೆ ಬೇರೆ ಯಾರದೋ ಎಂಬಂತೆ ಬಿದ್ದಿದ್ದವು.

ಗಂಡ ನನ್ನನ್ನು ಆಟೊದಲ್ಲಿ ಒರಗಿಸಿಕೊಂಡು ಶಿವಾಜಿನಗರದ ಕಡೆಯ ಆಸ್ಪತ್ರೆಯೊಂದಕ್ಕೆ ತಂದ. ದೇಹವೇ ತನ್ನ ನರಗಳ ಮೇಲೆ ತಿರುಗಿಬಿದ್ದಿದೆ, ಔಷಧಿ ಇದೆ, ಆದರೆ ಎಷ್ಟು ದಿನವೆಂದು ಹೇಳಲಾಗದು ಎಂದರು ಡಾಕ್ಟರು. ಹೆಂಗಸರ ವಾರ್ಡಿನಲ್ಲಿ ಗಂಡಸರು ಉಳಿಯುವಂತಿರಲಿಲ್ಲ. "ನಾ ಹೊರಗ ಕುಂತಿರ್ತೀನಿ, ಅಂಜಬ್ಯಾಡ" ಎಂದು ಅವನು ವರಾಂಡಕ್ಕೆ ಹೋದ. ಊರಲ್ಲಿ ನಮ್ಮಿಬ್ಬರು ಮಕ್ಕಳು ಅವ್ವನ ಹತ್ತಿರ ಇದ್ದುದರಿಂದ ಅವಳೂ ಬರುವ ಹಾಗಿರಲಿಲ್ಲ.

ನಾಲ್ಕನೇ ದಿನ ಮುಖವೂ ಸೋತು ಕಣ್ಣು ಮುಚ್ಚದಾಯಿತು. ಫ್ಯಾನಿನ ಗಾಳಿಗೆ ಉರಿಯೋ ಉರಿ. ಮಾತಾಡಿದರೆ ಬರೀ ಗೊಗ್ಗರು ದನಿ. ತುಟಿಯ ಮೇಲೆ ನೊಣ ಕೂತರೆ ಅದಾಗಿ ಏಳುವವರೆಗೂ ಕಾಯಬೇಕು. ಎಲ್ಲಮ್ಮ ದೇವಿಯನ್ನು ಮೊದಲು ಕಾಲು ಕೊಡು ಎಂದು ಬೇಡಿದ್ದೆ, ಆಮೇಲೆ ಕೈ. ಆ ದಿನ ಬೇಡಿದ್ದು ನೊಣ ಓಡಿಸೆಂದು ಮಾತ್ರ.

ಎದುರು ಮಂಚದಲ್ಲಿ ತನ್ನ ಅತ್ತೆಯನ್ನು ನೋಡಿಕೊಳ್ಳುತ್ತಿದ್ದ ಹೆಂಗಸು ಎದ್ದು ಬಂದಳು. ಹಲಸೂರಿನವಳು, ಶಿವಾಜಿನಗರ ಬಸ್‌ಸ್ಟ್ಯಾಂಡಿನ ಹತ್ತಿರ ಹೂ ಮಾರುವವಳು. ತಮಿಳು ಬೆರೆತ ಕನ್ನಡದಲ್ಲಿ ಏನು ಬೇಕೆಂದು ಕೇಳಿದಳು. ಹೇಳಲು ನನಗೆ ಬಾಯಿಲ್ಲ. ತುಸು ಹೊತ್ತು ನನ್ನ ಕಣ್ಣನ್ನೇ ನೋಡಿ, ನರ್ಸನ್ನು ಕೇಳಿ ಬಂದು, ಬೆರಳಿನಿಂದ ರೆಪ್ಪೆಗಳನ್ನು ಮೆಲ್ಲಗೆ ಕೆಳಗೆಳೆದು ಮೇಲೆ ಒದ್ದೆ ಬಟ್ಟೆ ಹಾಸಿದಳು. ಕತ್ತಲಾಯಿತು. ಎಷ್ಟು ಹಾಯೆನಿಸಿತೆಂದರೆ ಅಳು ಬಂತು. ಬಟ್ಟೆ ಒಣಗಿದಾಗಲೆಲ್ಲ ಅವಳೇ ನೆನೆಸಿ ಹಾಕಿದಳು.

ಐದು ದಿನಕ್ಕೆ ಅವಳ ಅತ್ತೆಗೆ ಡಿಸ್ಚಾರ್ಜ್ ಆಯಿತು. ಅವಳು ತಟ್ಟೆ, ಚೊಂಬು, ಕಂಬಳಿ ಗಂಟು ಕಟ್ಟುವುದನ್ನು ನೋಡುತ್ತಾ ಮಲಗಿದ್ದೆ. ಇರು ಎನ್ನಲು ನನಗೆ ದನಿಯಿಲ್ಲ, ಅವಳು ನನ್ನ ಬಳಗವೂ ಅಲ್ಲ. ಕೊನೆಯ ಸಲ ಬಟ್ಟೆ ಹಾಕಿ ಹೋದಳು. ಅದು ಒಣಗಿ ಕಣ್ಣಿಗೆ ಅಂಟಿಕೊಂಡಿತು. ಆ ಸಂಜೆ ನಾನು ದೇವಿಯನ್ನು ಏನೂ ಬೇಡಲಿಲ್ಲ, ಬೈಯಲೂ ಇಲ್ಲ.

ಮರುದಿನ ಹನ್ನೊಂದರ ಸುಮಾರಿಗೆ ಮಲ್ಲಿಗೆ ವಾಸನೆಯ ಬೆರಳುಗಳು ಆ ಬಟ್ಟೆ ತೆಗೆದವು. ಅಂದಿನಿಂದ ದಿನಾ ಬಂದಳು. ತಲೆ ಬಾಚಿದಳು, ಮಗ್ಗುಲು ಬದಲಿಸಿದಳು. ನಡುವೆ ಎರಡು ದಿನ ಬರಲಿಲ್ಲ. ಆ ಎರಡು ದಿನ ಬಾಗಿಲಲ್ಲಿ ಕೇಳುವ ಪ್ರತಿ ಚಪ್ಪಲಿಯ ಸದ್ದಿಗೂ ಅವಳೇ ಇರಬೇಕೆಂದುಕೊಂಡೆ.

ತಿಂಗಳಾದ ಮೇಲೆ ಮಾತು ಮರಳಿದಾಗ, ದಿನಾ ಯಾಕೆ ಬರುತ್ತೀಯೆಂದು ಕೇಳಿದೆ.

"ಗೊತ್ತಿಲ್ಲಮ್ಮ. ವ್ಯಾಪಾರ ಮುಗಿಸ್ಕೊಂಡು ಮನೇಗ್ ಹೋಗೋಣ ಅಂತಾನೇ ಏಳ್ತೀನಿ. ಕಾಲು ಈ ಕಡೆ ಬಂದ್ಬಿಡುತ್ತೆ."

ಗಂಡ ಅವಳನ್ನು ದೇವರೇ ಕಳಿಸಿದ್ದು ಅನ್ನುತ್ತಾನೆ. ನಾನೂ ನಂಬುತ್ತೇನೆ. ಆದರೆ ಪಕ್ಕದ ಮಂಚದ ಹುಡುಗಿಗೂ ಇದೇ ರೋಗವಿತ್ತು; ಅವಳ ಅವ್ವ ಹಗಲಿಡೀ ಜಪ ಮಾಡುತ್ತಿದ್ದಳು, ಹುಡುಗಿ ಉಳಿಯಲಿಲ್ಲ. ಅದನ್ನು ನೆನೆದಾಗ ನನ್ನ ನಂಬಿಕೆಯನ್ನು ಜೋರಾಗಿ ಹೇಳಲು ನಾಲಿಗೆ ಏಳುವುದಿಲ್ಲ. ಈಗ ನಡೆಯುತ್ತೇನೆ, ಎಡಗಾಲು ಎಳೆಯುತ್ತದೆ. ಯಂತ್ರದ ಮುಂದೆ ಕೂರಲಾಗದು. ಹೊಲಿದ ಅಂಗಿಗಳ ದಾರ ಕತ್ತರಿಸುವ ಕೆಲಸ ಕೊಟ್ಟಿದ್ದಾರೆ, ಸಂಜೆಯ ಹೊತ್ತಿಗೆ ಕತ್ತರಿ ಕೈಯಿಂದ ಜಾರುತ್ತದೆ.